ಕೈಬೀಸಿಕೊಂಡು ಬಂದವಳು

ಶೋರೂಮಿನ ಅಂಗಳದಲ್ಲಿ, ಕೈಕುಲುಕುವ ನೆಪದಲ್ಲಿ ನೆವೆನಾ ತನಗೆ ಕಾರು ಮಾರಿದ ಯಾಸೆನ್‌ನ ಅಂಗೈಯೊಳಗೆ ಒಂದು ನೋಟು ತುರುಕಿದಳು. ಸಣ್ಣದಾಗಿ ಮಡಿಸಿದ ಐವತ್ತು ಲೆವಾದ ನೋಟು. ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿಕೊಂಡೇ ಬಂದಿದ್ದಳು. ಕೊಡುವುದು ಯಾರಿಗೂ ಕಾಣಬಾರದು, ಕೊಟ್ಟದ್ದು ಮಾತ್ರ ಅವನಿಗೆ ಗೊತ್ತಾಗಬೇಕು, ಅಷ್ಟು ನಾಜೂಕು.

ಯಾಸೆನ್‌ಗೆ ನಾಜೂಕು ಗೊತ್ತಿರಲಿಲ್ಲ. ಅವಳ ಬೆರಳುಗಳನ್ನು ಹಾಗೆಯೇ ಹಿಡಿದುಕೊಂಡು ತನ್ನ ಅಂಗೈಯನ್ನು ಅರ್ಧ ತೆರೆದು ನೋಡಿದ. ನೋಟು ನೋಡಿದ, ಅವಳನ್ನು ನೋಡಿದ, ಮತ್ತೆ ನೋಟು ನೋಡಿದ. ಮೊದಲು ಅವನ ಎಡಹುಬ್ಬು ಮೆಲ್ಲನೆ ಮೇಲೇರಿತು, ಆಮೇಲೆ ತುಟಿಯ ಒಂದು ಕೊನೆ.

"ಇದೇನು ಮೇಡಂ?"

"ಕಾಫಿಗೆ."

"ಐವತ್ತು ಲೆವಾಗೆ ಎಷ್ಟು ಕಾಫಿ ಬರುತ್ತೆ ಗೊತ್ತಾ? ಅಷ್ಟೂ ಕುಡಿದ್ರೆ ಈಸ್ಟರ್ ಹಬ್ಬದ ತನಕ ನಿದ್ದೆ ಹತ್ತಲ್ಲ."

"ಸುಮ್ನೆ ಜೇಬಿಗೆ ಹಾಕ್ಕೊಳ್ಳಿ. ಯಾರಾದ್ರೂ ನೋಡ್ತಾರೆ."

"ನೋಡ್ಲಿ ಬಿಡಿ. ಗಾಬ್ರೊವೊ ಹೆಣ್ಣುಮಗಳ ಪರ್ಸಿಂದ ನೋಟು ತಾನಾಗೇ ಹೊರಗೆ ಬಂತು ಅಂದ್ರೆ ನಾಳೆ ಪೇಪರ್‌ನಲ್ಲಿ ಹಾಕ್ತಾರೆ."

ಗೇಟಿನ ಹತ್ತಿರ ಕುಳಿತಿದ್ದ ಕಾವಲಿನ ಗೆಂಚೊ ಅಣ್ಣ ಕಿಸಕ್ಕನೆ ನಕ್ಕ. ನೆವೆನಾಳ ಕಿವಿ ಕೆಂಪೇರಿತು. ಗಾಬ್ರೊವೊದವರ ಜಿಪುಣತನದ ಮೇಲೆ ದೇಶದ ತುಂಬ ಜೋಕುಗಳಿವೆ. ಚಳಿಗಾಲದಲ್ಲಿ ಬಾಗಿಲು ಬೇಗ ಮುಚ್ಚಬೇಕೆಂದು ಬೆಕ್ಕಿನ ಬಾಲ ಕತ್ತರಿಸುತ್ತಾರೆ ಎನ್ನುವುದರಿಂದ ಹಿಡಿದು ನೂರಾರು. ಅವನ್ನು ಆ ಊರಿನವರೇ ಹೇಳಿಕೊಂಡು ಹೊಟ್ಟೆ ಹಿಡಿದು ನಗುತ್ತಾರೆ. ಬೇರೆ ಊರಿನವನು ಹೇಳಿದರೆ ಮಾತ್ರ ಮೈ ಉರಿಯುತ್ತದೆ. ಇವನೋ ಪ್ಲೊವ್ದಿವ್‌ನವನು, ಒಂದೇ ಕಾಫಿ ಮುಂದಿಟ್ಟುಕೊಂಡು ಮಧ್ಯಾಹ್ನದವರೆಗೂ ಕೂರುವವರ ಊರಿನವನು.

"ತಮಾಷೆಗೆ ಅಂದೆ," ಎಂದ ಯಾಸೆನ್, ದನಿ ತಗ್ಗಿಸಿ. "ದುಡ್ಡು ಬೇಡ. ಒಂದು ಥ್ಯಾಂಕ್ಸ್ ಹೇಳಿ, ಸಾಕು."

ನೆವೆನಾ ಕತ್ತು ನೆಟ್ಟಗೆ ಮಾಡಿದಳು.

"ಥ್ಯಾಂಕ್ಸ್ ಪುಕ್ಕಟೆ ಬರುತ್ತೆ. ಪುಕ್ಕಟೆ ಬರೋದನ್ನ ನಾನು ಯಾರ ಹತ್ರಾನೂ ತಗೊಳಲ್ಲ, ಯಾರಿಗೂ ಕೊಡೋದೂ ಇಲ್ಲ."

"ಹಾಗಾದ್ರೆ ಬಾಕಿ ಇರ್ಲಿ."

"ಬಾಕಿ ಇಟ್ಕೊಳ್ಳೋ ಪೈಕಿ ಅಲ್ಲ ನಾನು."

"ಅಯ್ಯೋ, ಹೌದಾ?" ಎಂದ ಅವನು, ಬಹಳ ಕುತೂಹಲದ ಸುದ್ದಿ ಕೇಳಿದವನಂತೆ. ನೋಟನ್ನು ಹೊಸ ಕಾರಿನ ವೈಪರ್ ಅಡಿಗೆ ಸಿಕ್ಕಿಸಿದ. ಬಳಿಕ ಹಸಿರು ಜೆರೇನಿಯಂ ಗಿಡದ ಕಡ್ಡಿ ಇಳಿಬಿಟ್ಟ ತಾಮ್ರದ ಬಿಂದಿಗೆ ಎತ್ತಿಕೊಂಡು ಬಂದು, ಶುಭಶಕುನಕ್ಕೆಂದು ಚಕ್ರದ ಮುಂದೆ ನೀರು ಸುರಿದ. "ಹರಿಯೋ ನೀರಿನ ಹಾಗೆ ಸಲೀಸಾಗಿ ಸಾಗ್ಲಿ ನಿಮ್ಮ ಕಾರು!"

ಅವಳು ಹಸಿ ನೆಲದ ಮೇಲೆ ಕಾರು ಹಾಯಿಸಿಕೊಂಡು ಗೇಟು ದಾಟಿದಳು. ಕನ್ನಡಿಯಲ್ಲಿ ಯಾಸೆನ್ ಬಿಂದಿಗೆಯನ್ನು ಸೊಂಟಕ್ಕೆ ಒತ್ತಿಕೊಂಡು ನಿಂತದ್ದು ಕಂಡಿತು. ಅವನು ನಗುತ್ತಿದ್ದನೇ? ನಗುತ್ತಲೇ ಇದ್ದ. ರಸ್ತೆ ನೋಡಬೇಕಾದ ಕಣ್ಣು ಕನ್ನಡಿಯಲ್ಲಿ ಸಿಕ್ಕಿಕೊಂಡದ್ದು ತಿಳಿದಾಗ ಅವಳು ತನ್ನನ್ನೇ ಬೈದುಕೊಂಡಳು.

ಊರಿಗೆ ಮರಳುವ ಸೆವ್ಲಿಯೆವೊ ರಸ್ತೆಯಲ್ಲಿ ಹನಿ ಬಿತ್ತು. ವೈಪರ್ ಹಾಕಿದಳು. ಐವತ್ತು ಲೆವಾ ಗಾಜಿನ ಉದ್ದಗಲಕ್ಕೂ ಕುಣಿಯತೊಡಗಿತು.

*

ಅವಳು ಹೀಗೆ ನೋಟು ತುರುಕಿದ್ದಕ್ಕೂ ಕಾರಣವಿತ್ತು.

ನೆವೆನಾಳದು ಹೆಣಿಗೆ ಯಂತ್ರಗಳ ರಿಪೇರಿ ಕೆಲಸ. ಸುತ್ತಲ ಊರುಗಳಲ್ಲಿ ಸ್ವೆಟರು, ಕಾಲುಚೀಲ ಹೆಣೆಯುವ ಸಣ್ಣ ಸಣ್ಣ ಘಟಕಗಳಿಗೆ ಹೋಗಿ ಕೆಟ್ಟ ಯಂತ್ರ ಎತ್ತಿಕೊಂಡು ಬರಬೇಕು, ಸರಿಮಾಡಿ ವಾಪಸ್ ಒಯ್ಯಬೇಕು. ಹಳೇ ವ್ಯಾನು ಕೈಕೊಟ್ಟ ಮೇಲೆ ಕಾರು ಕೊಳ್ಳಲು ಹೊರಟಳು. ಯಂತ್ರದ ಅಳತೆಗೆ ಸರಿಯಾಗಿ ಒಂದು ರಟ್ಟಿನ ಪೆಟ್ಟಿಗೆ ಮಾಡಿಕೊಂಡು, ಅದನ್ನು ತಬ್ಬಿಕೊಂಡೇ ಶೋರೂಮುಗಳಿಗೆ ಹೋದಳು. "ಇದು ಡಿಕ್ಕಿಯಲ್ಲಿ ಕೂರೋ ಕಾರು ತೋರಿಸಿ" ಎಂದರೆ ಎಲ್ಲರೂ ನಕ್ಕರು. ಒಬ್ಬನಂತೂ ಒಳಗೆ ಬೆಕ್ಕು ಇದೆಯಾ ಎಂದು ಕೇಳಿದ್ದ.

ಯಾಸೆನ್ ನಗಲಿಲ್ಲ. ಪೆಟ್ಟಿಗೆಯನ್ನು ಅವಳ ಕೈಯಿಂದ ತೆಗೆದುಕೊಂಡು, ಅಂಗಳದಲ್ಲಿ ನಿಂತಿದ್ದ ಒಂದೊಂದು ಕಾರಿನ ಡಿಕ್ಕಿ ತೆರೆದು ಇಟ್ಟು ನೋಡಿದ. ಅವಳು ಮೆಚ್ಚಿದ್ದ ದುಬಾರಿ ಕಾರಿನಲ್ಲಿ ಪೆಟ್ಟಿಗೆ ಸರಿಯಾಗಿ ಕೂತಿತು. ಅವಳಿಗೆ ಖುಷಿಯಾಯಿತು, ಅವನು ಮಾತ್ರ ತಲೆ ಕೆರೆದುಕೊಂಡ.

"ಇದು ಬೇಡ ಮೇಡಂ. ಡಿಕ್ಕಿ ಅಂಚು ತುಂಬಾ ಎತ್ತರ. ರಟ್ಟಿನ ಪೆಟ್ಟಿಗೆ ಇಡ್ಬಹುದು, ಕಬ್ಬಿಣದ ಮೆಷಿನ್ ದಿನಾ ಅಷ್ಟು ಎತ್ತಿದ್ರೆ ನಿಮ್ಮ ಸೊಂಟ ಹೋಗುತ್ತೆ. ಪಕ್ಕದ್ದು ತಗೊಳ್ಳಿ, ಬೆಲೆನೂ ಕಡಿಮೆ."

ಮಾರುವವನೇ ಅಗ್ಗದ್ದನ್ನು ಕೊಳ್ಳಿ ಎಂದದ್ದನ್ನು ಅವಳು ಜನ್ಮದಲ್ಲಿ ಕೇಳಿರಲಿಲ್ಲ. ಆದರೂ ಬಿಡದೆ ಚೌಕಾಸಿ ಮಾಡಿದಳು. ಚಳಿಗಾಲದ ಟೈರು, ಮ್ಯಾಟು, ಟ್ಯಾಂಕ್ ತುಂಬ ಪೆಟ್ರೋಲು, ಎಲ್ಲ ಕಿತ್ತುಕೊಂಡಳು. ಅವನು ಸೋಲುವಾಗಲೆಲ್ಲ ಗೆದ್ದವನ ಹಾಗೆ ನಗುತ್ತಿದ್ದ.

ಇಂಥವನಿಗೆ ಏನಾದರೂ ಕೊಡದೆ ಇರುವುದು ಹೇಗೆ?

*

"ಕಾರು ತೋರಿಸಿದವನಿಗೆ ಏನು ಕೊಟ್ಯೇ?" ಎಂದು ಅಮ್ಮ ಪೆನ್ಕಾ ಕೇಳಿದಳು. ಬಾಲ್ಕನಿಯಿಂದ ಬಗ್ಗಿ ಕಾರು ನೋಡಿ ಆದಮೇಲಿನ ಮೊದಲ ಪ್ರಶ್ನೆ ಅದೇ.

"ದುಡ್ಡು ಕೊಟ್ಟೆ. ತಗೊಳ್ಳಲಿಲ್ಲ."

"ಥ್ಯಾಂಕ್ಸ್ ಆದ್ರೂ ಅಂದ್ಯಾ?"

"ಇಲ್ಲ."

"ಅಯ್ಯೋ ನಿನ್ನ! ದುಡ್ಡೂ ಕೊಡದೆ, ಬಾಯಲ್ಲೂ ಒಂದು ಮಾತು ಹೇಳದೆ ಹೊಸ ಕಾರು ಹೊಡ್ಕೊಂಡು ಬಂದ್ಯಾ? ಹೊಸದು ತಗೊಂಡೋರು ನಾಲ್ಕು ಜನರ ಬಾಯಿಗೆ ಏನಾದ್ರೂ ಹಾಕ್ಬೇಕು ಕಣೇ. ಇಲ್ದಿದ್ರೆ ಕಾರು ಮುನಿಸ್ಕೊಳ್ಳುತ್ತೆ."

"ಕಾರು ಮುನಿಸ್ಕೊಳ್ಳಲ್ಲಮ್ಮ. ಅದಕ್ಕೆ ಗ್ಯಾರಂಟಿ ಇದೆ."

ಮುಂದಿನ ವಾರವೇ ತ್ರ್ಯಾವ್ನಾದ ದಾರಿಯಲ್ಲಿ ಮೊಳೆ ಹೊಕ್ಕು ಪಂಕ್ಚರ್ ಆಯಿತು. ಅದೇ ಐವತ್ತು ಲೆವಾ ನೋಟು ಒಣಗಿ ಪಂಕ್ಚರ್ ಅಂಗಡಿಯವನ ಗಲ್ಲಾ ಸೇರಿತು. ಅಮ್ಮ ಹಿಟ್ಟಿನ ಡಬ್ಬಿ ಕೆಳಗಿಳಿಸಿದಳು.

ಮರುದಿನ ನೆವೆನಾ ಶೋರೂಮಿಗೆ ಬಂದಾಗ ಅವಳ ಕೈಯಲ್ಲಿ ಅಮ್ಮನ ಮಣ್ಣಿನ ಪಾತ್ರೆ ಇತ್ತು. ಅಗಲ ಬಾಯಿಯ, ಕಂದು ಹೊಳಪಿನ, ಮೈ ತುಂಬ ಹನಿ ಹನಿ ಚಿತ್ತಾರದ ಟ್ರೋಯಾನ್ ಊರಿನ ಪಾತ್ರೆ. ಮುಚ್ಚಳ ತೆಗೆದರೆ ಬಿಸಿ ಬಾನಿತ್ಸಾ, ತೆಳು ಹಿಟ್ಟಿನ ಹಾಳೆಗಳು ಪದರು ಪದರಾಗಿ, ನಡುನಡುವೆ ಉಪ್ಪುಗಿಣ್ಣು ಕರಗಿದ್ದು. ಗೆಂಚೊ ಅಣ್ಣ ಗೇಟು ಬಿಟ್ಟು ಬಂದ. ಅಕೌಂಟ್ಸ್ ಹುಡುಗಿಯರು ಬಂದರು. ಯಾಸೆನ್ ಕೊನೆಗೆ ಬಂದು ದೊಡ್ಡ ತುಂಡು ತೆಗೆದುಕೊಂಡು, ಕಣ್ಣು ಮುಚ್ಚಿ ತಿಂದ.

"ನೀವೇ ಮಾಡಿದ್ದಾ?"

"ಅಮ್ಮ ಮಾಡಿದ್ದು. ನಾನು ಒಲೆ ಹತ್ರ ಹೋದ್ರೆ ಫೈರ್ ಇಂಜಿನ್‌ನೋರು ಶೂ ಹಾಕ್ಕೋತಾರೆ."

ಅವನು ತುತ್ತು ಗಂಟಲಲ್ಲಿ ಸಿಕ್ಕುವಷ್ಟು ನಕ್ಕ. ನಗುವಾಗ ಅವನ ಕಣ್ಣಿನ ಪಕ್ಕದಲ್ಲಿ ಸಣ್ಣ ಗೆರೆಗಳು ಮೂಡುತ್ತವೆಂದು ಅವಳು ಅಂದು ಗಮನಿಸಿದಳು. ಗಮನಿಸುವ ಅಗತ್ಯ ಏನಿತ್ತೋ!

"ಈಗ ಚುಕ್ತಾ ಆಯ್ತಾ?" ಎಂದಳು.

"ಚುಕ್ತಾ."

"ಸರಿ. ಪಾತ್ರೆ ಆಮೇಲೆ ಕಳಿಸಿ."

ಹೇಳಿ ಕಾರು ಹತ್ತಿದ ಮೇಲೆ ಅವಳಿಗೆ ಹೊಳೆಯಿತು, ತಪ್ಪು ಮಾಡಿದೆ ಎಂದು. ಬಂದ ಪಾತ್ರೆಯನ್ನು ಖಾಲಿ ವಾಪಸ್ ಕಳಿಸುವವರು ಬಾಲ್ಕನ್ ಬೆಟ್ಟದ ಆಚೆಗೂ ಇಲ್ಲ, ಈಚೆಗೂ ಇಲ್ಲ. ಖಾಲಿ ಕಳಿಸಿದರೆ ಇನ್ನು ನಿಮ್ಮ ಸಹವಾಸ ಸಾಕು ಎಂದಂತೆ. ಅವನೀಗ ಏನಾದರೂ ತುಂಬಿಸಿ ತಂದೇ ತರುತ್ತಾನೆ. ಅವನು ತಂದರೆ ಇವಳು ಮತ್ತೆ ಬಾಕಿ.

ತಂದ. ಯಾಂತ್ರಾ ನದಿಯ ದಂಡೆಯಲ್ಲಿ, ಹಳೇ ಬಟ್ಟೆ ಗಿರಣಿಯ ಒಂದು ಕೋಣೆಯಲ್ಲಿದ್ದ ಅವಳ ವರ್ಕ್‌ಶಾಪಿನ ಬಾಗಿಲಲ್ಲಿ ನಿಂತು ಮುಚ್ಚಳ ತೆಗೆದ. ಅನ್ನ, ಖೀಮಾ ತುಂಬಿದ ದಪ್ಪ ಮೆಣಸಿನಕಾಯಿ, ಮೇಲೆ ಮೊಸರಿನ ಸಾರು.

"ಯಾರು ಮಾಡಿದ್ದು?"

"ನಾನೇ. ಅಜ್ಜಿ ಕಲಿಸಿದ್ಳು. ತಿನ್ನಿ, ಆರಿ ಹೋಗುತ್ತೆ."

"ಕೈಯೆಲ್ಲ ಮೆಷಿನ್ ಎಣ್ಣೆ."

ಅವನು ಆಚೀಚೆ ನೋಡಲಿಲ್ಲ, ಸಂಕೋಚವನ್ನೂ ಪಡಲಿಲ್ಲ. ಫೋರ್ಕ್ ತೆಗೆದು ಒಂದು ತುಂಡು ಮುರಿದು, ಸಾರಿನಲ್ಲಿ ಅದ್ದಿ ಅವಳ ಬಾಯಿಯ ಹತ್ತಿರ ಹಿಡಿದ. ನೆವೆನಾ ಒಂದು ಕ್ಷಣ ಅವನನ್ನು ಕೆಕ್ಕರಿಸಿ ನೋಡಿದಳು. ಅವನೂ ರೆಪ್ಪೆ ಅಲುಗಿಸದೆ ನೋಡಿದ. ಸಾರು ತೊಟ್ಟಿಕ್ಕುವ ಹಾಗಾಯಿತು. ಅನ್ನ ವ್ಯರ್ಥ ಮಾಡುವುದು ಗಾಬ್ರೊವೊದವರ ರಕ್ತದಲ್ಲಿಲ್ಲ, ಆದ್ದರಿಂದ ಅವಳು ಬಾಯಿ ತೆರೆದಳು.

"ಹೇಗಿದೆ?"

"ಉಪ್ಪು ಕಡಿಮೆ," ಎಂದಳು. ಉಪ್ಪು ಸರಿಯಾಗಿಯೇ ಇತ್ತು.

*

ಆಮೇಲೆ ಪಾತ್ರೆಗೆ ಪುರುಸೊತ್ತೇ ಇಲ್ಲವಾಯಿತು.

ಅವಳು ಸಕ್ಕರೆಯಲ್ಲಿ ಬೇಯಿಸಿದ ಕ್ವಿನ್ಸ್ ಹಣ್ಣು ಒಯ್ದಳು. ಅವನು ಸುಟ್ಟ ಕೆಂಪು ಮೆಣಸಿನಕಾಯಿಯ ಚಟ್ನಿ ತಂದ. ಅವಳು ವಾಲ್‌ನಟ್ ಒಯ್ದಳು, ಅವನು ಕುಂಬಳಕಾಯಿಯ ಸಿಹಿ ತಂದ. ಮರಗಳ ಎಲೆ ಹಳದಿಯಾಗಿ, ಉದುರಿ, ಬೆಟ್ಟದ ಮೇಲೆ ಮೊದಲ ಹಿಮ ಕಾಣಿಸಿತು. ಸೆವ್ಲಿಯೆವೊ ರಸ್ತೆಯ ತಿರುವುಗಳೆಲ್ಲ ಅವಳ ಕಾರಿಗೆ ಬಾಯಿಪಾಠವಾದವು.

"ಥ್ಯಾಂಕ್ಸ್ ಹೇಳೋಕೆ ಇಷ್ಟೊಂದು ಪೆಟ್ರೋಲ್ ಬೇಕೇನೆ?" ಎಂದಳು ಅಮ್ಮ ಒಂದು ದಿನ.

"ಥ್ಯಾಂಕ್ಸ್ ಅಲ್ಲಮ್ಮ. ಬಾಕಿ ತೀರಿಸ್ತಿದ್ದೀನಿ."

"ಹಾಂ ಹಾಂ, ತೀರಿಸು. ತುಟಿಗೆ ಬಣ್ಣ ಹಚ್ಕೊಂಡು ಬಾಕಿ ತೀರಿಸೋರನ್ನ ಇವತ್ತೇ ನೋಡಿದ್ದು."

ಒಂದು ಸಲ ಅಮ್ಮ ಅಕ್ಕನ ಮನೆಗೆ ಹೋಗಿದ್ದಳು. ನೆವೆನಾ ಹಟಕ್ಕೆ ಬಿದ್ದು ತಾನೇ ಮೊಸರು ಹಾಕಿ ಕೇಕು ಮಾಡಿದಳು. ತಳ ಹಿಡಿದು ಕರಕಲಾಯಿತು. ಆದರೂ ಧೈರ್ಯವಾಗಿ ತೆಗೆದುಕೊಂಡು ಹೋದಳು. ಶೋರೂಮಿನ ಹಿಂದೆ ನಿಲ್ಲಿಸಿದ ಅವಳ ಕಾರಿನಲ್ಲೇ ಕುಳಿತು ಯಾಸೆನ್ ತಿಂದ.

"ತಳ ಸ್ವಲ್ಪ ಗಟ್ಟಿ," ಎಂದ.

"ಸುಟ್ಟಿದೆ ಅನ್ನಿ."

"ಸುಟ್ಟಿದೆ. ಇನ್ನೊಂದು ತುಂಡು ಕೊಡಿ."

ಅವಳು ಕೊಟ್ಟಳು. ಅವನ ಗದ್ದದ ಮೇಲೆ ಕಪ್ಪು ಪುಡಿ ಅಂಟಿತ್ತು. ಒರೆಸಲೇ ಬೇಡವೇ ಎಂದು ಅವಳ ಕೈ ಒಂದಿಷ್ಟು ಮೇಲೆದ್ದು, ಗೇರಿನ ಮೇಲೆ ಹೋಗಿ ಕುಳಿತಿತು. ಅವನು ಅದನ್ನು ನೋಡಿದ. ನೋಡಿಯೂ ಪುಡಿ ಒರೆಸಿಕೊಳ್ಳಲಿಲ್ಲ. ಇರಲಿ, ಯಾವತ್ತಾದರೂ ಕೈ ಬಂದೇ ಬರುತ್ತದೆ ಎಂಬ ನಂಬಿಕೆಯಲ್ಲಿ ಕುಳಿತವನಂತೆ ಕುಳಿತಿದ್ದ.

ಇವನು ನನಗೆ ಬೇಕು. ನೆವೆನಾಗೆ ಇದು ಅಂದೇ ಖಚಿತವಾಯಿತು. ಅವಳು ಸುಳ್ಳು ಹೇಳಿಕೊಳ್ಳುವ ಹೆಣ್ಣಲ್ಲ, ತನಗೆ ತಾನಂತೂ ಅಲ್ಲವೇ ಅಲ್ಲ. ಅವಸರವೇನೂ ಇಲ್ಲ ಎಂದುಕೊಂಡಳು. ಪಾತ್ರೆ ಓಡಾಡುತ್ತಿದೆ, ಓಡಾಡಲಿ. ಒಂದು ದಿನ ಅದು ತಾನಾಗಿಯೇ ಮಾತು ತರುತ್ತದೆ.

ತಂದದ್ದು ಬೇರೆ ಮಾತು.

"ಪ್ಲೊವ್ದಿವ್‌ನಲ್ಲಿ ನಮ್ಮೋರು ಹೊಸ ಶೋರೂಮ್ ತೆಗೀತಿದ್ದಾರೆ," ಎಂದ ಯಾಸೆನ್, ಕೇಕಿನ ಕೊನೆಯ ತುಂಡನ್ನು ಕೈಯಲ್ಲಿ ತಿರುಗಿಸುತ್ತಾ. "ಮ್ಯಾನೇಜರ್ ಆಗಿ ಬಾ ಅಂತಿದ್ದಾರೆ. ಶುಕ್ರವಾರ ಸಾಯಂಕಾಲದೊಳಗೆ ಹೇಳ್ಬೇಕಂತೆ."

ಅವಳು ಸ್ಟೀರಿಂಗ್ ಬಿಗಿಯಾಗಿ ಹಿಡಿದುಕೊಂಡಳು. ಮುಖದಲ್ಲಿ ಏನೂ ತೋರಿಸಲಿಲ್ಲ.

"ಒಳ್ಳೇದಲ್ವಾ? ನಿಮ್ಮೂರು."

"ಹೋಗ್ಬೇಡಿ ಅನ್ನಲ್ವಾ?"

"ಯಾವ ಲೆಕ್ಕದಲ್ಲಿ ಅನ್ಲಿ?"

ಯಾಸೆನ್ ಅವಳ ಕಡೆಗೆ ಪೂರ್ತಿ ತಿರುಗಿದ. ನಗುವಿನ ಗೆರೆಗಳು ಆಗ ಅವನ ಕಣ್ಣಿನ ಪಕ್ಕದಲ್ಲಿರಲಿಲ್ಲ.

"ನೀವು ಇಷ್ಟು ದಿನ ಇಲ್ಲಿಗೆ ಬಂದಿದ್ದು ಯಾವ ಲೆಕ್ಕದಲ್ಲಿ?"

ನಾಲಿಗೆಯ ತುದಿಯಲ್ಲಿ ನಿಜವೇ ಇತ್ತು. ಆದರೆ ಯಾರಾದರೂ ನೇರವಾಗಿ ಕೇಳಿದರೆ ಜಾಣ ಉತ್ತರ ಕೊಡುವುದು ಅವಳ ಚಾಳಿ. "ಪಾತ್ರೆ ಲೆಕ್ಕದಲ್ಲಿ," ಎಂದುಬಿಟ್ಟಳು.

ಅವನು "ಓ" ಎಂದ. ಪಾತ್ರೆ ಎತ್ತಿಕೊಂಡು ಕಾರಿನಿಂದ ಇಳಿದ.

*

ಗುರುವಾರ ಅವನು ವರ್ಕ್‌ಶಾಪಿಗೆ ಬಂದ. ಪಾತ್ರೆಯನ್ನು ಮೇಜಿನ ಮೇಲೆ, ಸೂಜಿಗಳ ತಟ್ಟೆಯ ಪಕ್ಕದಲ್ಲಿ ಇಟ್ಟ. ನೆವೆನಾ ಕೈ ಒರೆಸಿಕೊಂಡು ಮುಚ್ಚಳ ತೆಗೆದಳು.

ಒಳಗೆ ಏನೂ ಇರಲಿಲ್ಲ. ಚೆನ್ನಾಗಿ ತೊಳೆದು, ಬಟ್ಟೆಯಲ್ಲಿ ಒರೆಸಿದ ಪಾತ್ರೆ. ತಳದ ಹನಿಚಿತ್ತಾರ ಫಳಫಳ ಹೊಳೆಯುತ್ತಿತ್ತು.

"ಖಾಲಿ ಇದೆ," ಎಂದಳು.

"ಹೌದು."

"ಮರೆತ್ರಾ?"

"ಇಲ್ಲ. ಬೇಕಂತಲೇ."

ಅವಳಿಗೆ ಕಪಾಳಕ್ಕೆ ಹೊಡೆದಂತಾಯಿತು. ಜಗಳವಾಡಿದ ಅಕ್ಕಪಕ್ಕದವರು ಕೂಡ ಒಂದು ಸೇಬನ್ನೋ ಹಿಡಿ ಉಪ್ಪನ್ನೋ ಹಾಕಿ ಪಾತ್ರೆ ಕಳಿಸುತ್ತಾರೆ. ಇವನು ಒರೆಸಿ ತಂದಿದ್ದಾನೆ!

"ನೆವೆನಾ, ಒಂದು ಮಾತು ಕೇಳಿ. ನಾನು ಯಾಕೆ ಹೀಗೆ ಮಾಡ್ದೆ ಅಂದ್ರೆ..."

"ಏನೂ ಹೇಳ್ಬೇಡಿ. ಪಾತ್ರೆನೇ ಹೇಳಾಯ್ತಲ್ಲ. ಪ್ಲೊವ್ದಿವ್‌ಗೆ ಸುಖವಾಗಿ ಹೋಗಿ ಬನ್ನಿ."

"ಒಂದು ನಿಮಿಷ..."

ಅವಳು ಯಂತ್ರದ ಸ್ವಿಚ್ ಒತ್ತಿದಳು. ಕಟಕಟ ಸದ್ದು ಕೋಣೆಯನ್ನೆಲ್ಲ ತುಂಬಿತು. ಯಾಸೆನ್ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಿದ್ದು ಹೋದ. ಆ ಯಂತ್ರದಲ್ಲಿ ಅಂದು ನೂಲೇ ಇರಲಿಲ್ಲ. ಅವಳು ಕಣ್ಣು ತುಂಬಿಕೊಂಡು, ಬರಿದೇ ಓಡುವ ಯಂತ್ರವನ್ನು ನೋಡುತ್ತಾ ಕುಳಿತಳು. ಅತ್ತಳು ಎಂದರೆ ಅವಳು ಒಪ್ಪುವುದಿಲ್ಲ, ಎಣ್ಣೆ ಕೈ ಕಣ್ಣಿಗೆ ತಾಕಿತು ಎನ್ನುತ್ತಾಳೆ.

ಶುಕ್ರವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ಆ ಪಾತ್ರೆ ನೋಡಿ ಅಮ್ಮ ದಂಗಾದಳು.

"ಖಾಲಿನಾ? ಒಂದು ಬಾದಾಮಿ ಬೀಜನೂ ಇಲ್ವಾ?"

"ಇಲ್ಲ."

"ಥೂ! ಯಾರ ಮನೆ ಹುಡುಗನೋ, ನಡವಳಿಕೆನೇ ಇಲ್ಲ. ಹೋಗ್ಲಿ ಬಿಡು, ಒಳ್ಳೇದೇ ಆಯ್ತು. ಈಗ ನೀನು ಅವನಿಗೇನಾದ್ರೂ ಕೊಡೋದಿದ್ಯಾ?"

"ಇಲ್ಲ."

"ಅವನು ನಿನಗೆ?"

"ಏನೂ ಇಲ್ಲ."

"ಹಾಗಾದ್ರೆ ಇನ್ಮೇಲೆ ಆ ಕಡೆ ಹೋಗೋ ಕೆಲಸನೇ ಇಲ್ಲ."

"ಇಲ್ಲ."

ಅಮ್ಮ ಸೂಪಿನ ಚಮಚ ಕೆಳಗಿಟ್ಟು ಮಗಳನ್ನು ಮೇಲಿಂದ ಕೆಳಗೆ ನೋಡಿದಳು.

"ಮತ್ತೆ ಕೈಯಲ್ಲಿ ಕಾರಿನ ಕೀ ಯಾಕೆ ಹಿಡ್ಕೊಂಡಿದ್ದೀಯ?"

ನೆವೆನಾ ತನ್ನ ಕೈ ನೋಡಿಕೊಂಡಳು. ಬೆಳಗಿನಿಂದ ಹಿಡಿದುಕೊಂಡಿದ್ದಳೋ ಏನೋ, ಕೀಲಿಯ ಹಲ್ಲುಗಳ ಗುರುತು ಅಂಗೈಯಲ್ಲಿ ಮೂಡಿತ್ತು. ಬಾಕಿ ಇಲ್ಲ, ಪಾತ್ರೆ ಇಲ್ಲ, ನೆಪ ಇಲ್ಲ, ಆದರೂ ಕಾಲು ಬಾಗಿಲ ಕಡೆಗೇ ಎಳೆಯುತ್ತಿದೆ. ಇಷ್ಟು ದಿನ ಪಾತ್ರೆಯ ಹಿಂದೆ ಅಡಗಿಕೊಂಡು ಓಡಾಡಿದೆ ಎಂಬುದು ಅವಳಿಗೆ ಆಗ ತಿಳಿಯಿತು. ತಿಳಿದ ಮೇಲೆ ಅವಳು ತಡಮಾಡುವವಳಲ್ಲ. ಕೋಟು ಹಾಕಿಕೊಂಡಳು.

"ತಾಳು, ಪಾತ್ರೆಗೆ ಏನಾದ್ರೂ ತುಂಬಿಸ್ಕೊಡ್ತೀನಿ," ಎಂದು ಅಮ್ಮ ಎದ್ದಳು. ಬೈದ ಬಾಯಿ ಇನ್ನೂ ಆರಿರಲಿಲ್ಲ.

"ಬೇಡಮ್ಮ. ಇವತ್ತು ಪಾತ್ರೆ ಮನೇಲೇ ಇರ್ಲಿ."

*

ಶೋರೂಮಿನ ಅಂಗಳದಲ್ಲಿ ಯಾಸೆನ್ ಒಂದು ಸಂಸಾರಕ್ಕೆ ಕಾರು ಒಪ್ಪಿಸಿ, ಚಕ್ರದ ಮುಂದೆ ನೀರು ಸುರಿಯುತ್ತಿದ್ದ. ಗೇಟಿನಲ್ಲಿ ಗೆಂಚೊ ಅಣ್ಣ ಅವಳ ಕಾರು ಕಂಡು ಎದ್ದು ನಿಂತ. ಹಿಂದಿನ ಸೀಟಿನೊಳಗೂ ಇಣುಕಿದ.

"ಇವತ್ತೇನು ತಂದ್ಯಮ್ಮಾ?"

"ಏನಿಲ್ಲ ಗೆಂಚೊ ಅಣ್ಣ. ಕೈಬೀಸ್ಕೊಂಡು ಬಂದೆ."

"ಅಯ್ಯೋ ದೇವರೇ ಅನ್ನೋ ಹಾಗಾಯ್ತಲ್ಲ! ನಿನ್ನ ನಂಬ್ಕೊಂಡು ಮಧ್ಯಾಹ್ನ ಊಟ ಕಡಿಮೆ ಮಾಡಿದ್ದೆ."

ಆ ಸಂಸಾರದ ಕಾರು ಹೊರಟುಹೋಯಿತು. ಯಾಸೆನ್ ಬಿಂದಿಗೆ ಹಿಡಿದುಕೊಂಡೇ ತಿರುಗಿದ, ಅವಳನ್ನು ಕಂಡ. ಅವನ ಕಣ್ಣು ಮೊದಲು ಹೋದದ್ದು ಅವಳ ಕೈಗಳ ಕಡೆಗೆ.

"ಪಾತ್ರೆ ಎಲ್ಲಿ?"

"ಮನೇಲಿದೆ."

"ಚೀಲ?"

"ಇಲ್ಲ."

"ಕಾರಿಗೇನಾದ್ರೂ ತೊಂದ್ರೆನಾ?"

"ಕಾರು ಚೆನ್ನಾಗಿದೆ. ತೊಂದ್ರೆ ಮಾಲೀಕಳಿಗೆ." ಅವಳು ಹತ್ತಿರ ಬಂದಳು. ಹಸಿ ನೆಲ ದಾಟಿ, ಅವನ ಬೂಟಿನ ತುದಿಗೆ ತನ್ನ ಬೂಟಿನ ತುದಿ ತಾಗುವಷ್ಟು ಹತ್ತಿರ. "ಮೊನ್ನೆ ಒಂದು ಪ್ರಶ್ನೆ ಕೇಳಿದ್ರಿ. ಸುಳ್ಳು ಉತ್ತರ ಕೊಟ್ಟೆ. ಪಾತ್ರೆ ಲೆಕ್ಕದಲ್ಲಿ ಬರ್ತಿರಲಿಲ್ಲ. ನಿಮ್ಮನ್ನ ನೋಡೋಕೆ ಬರ್ತಿದ್ದೆ. ಇವತ್ತೂ ಅದಕ್ಕೇ ಬಂದಿದ್ದೀನಿ. ಹೋಗ್ಬೇಡಿ, ಯಾಸೆನ್. ಯಾವ ಲೆಕ್ಕಾನೂ ಇಲ್ಲ ಇದಕ್ಕೆ. ನೀವು ನನಗೆ ಬೇಕು, ಅಷ್ಟೇ."

ಬಿಂದಿಗೆ ಅವನ ಕೈಯಲ್ಲಿ ವಾಲಿತು. ಉಳಿದ ನೀರು ಅವನ ಪ್ಯಾಂಟಿನ ಮೇಲೆ ಸುರಿದದ್ದು ಅವನಿಗೆ ತಿಳಿಯಲೇ ಇಲ್ಲ.

"ಅದಕ್ಕೇ ಖಾಲಿ ಕೊಟ್ಟಿದ್ದು," ಎಂದ.

"ಏನು?"

"ನೀವು ಬಾಕಿ ಇಟ್ಕೊಳ್ಳೋ ಪೈಕಿ ಅಲ್ಲ ಅಂತ ಮೊದಲ ದಿನವೇ ಹೇಳಿದ್ರಿ. ನಾನು ತುಂಬಿಸಿ ಕೊಟ್ರೆ ನೀವು ಬರ್ತೀರಿ, ಅದು ಗೊತ್ತಿತ್ತು. ಪ್ಲೊವ್ದಿವ್‌ವರೆಗೂ ಬರ್ತಿದ್ರಿ. ಆದ್ರೆ ಬರ್ತಿರೋದು ನನಗೋಸ್ಕರನಾ, ಮೆಣಸಿನಕಾಯಿ ಸಾಲ ತೀರಿಸೋಕಾ, ನನಗೆ ಹೇಗೆ ಗೊತ್ತಾಗ್ಬೇಕು? ಕೊಡೋದು ಏನೂ ಇಲ್ದೇ ಇದ್ರೂ ಬರ್ತೀರಾ ಅಂತ ನೋಡ್ಬೇಕಿತ್ತು. ಅದನ್ನೇ ಹೇಳೋಕೆ ಬಂದೆ, ನೀವು ಮೆಷಿನ್ ಹಾಕಿದ್ರಿ."

"ನೂಲಿಲ್ಲದ ಮೆಷಿನ್," ಎಂದಳು ಅವಳು.

"ನೋಡ್ದೆ. ಅದನ್ನ ನೋಡೇ ನಿನ್ನೆ ಸ್ವಲ್ಪ ನಿದ್ದೆ ಮಾಡಿದ್ದು."

ಅವಳಿಗೆ ನಗು ಬಂತು, ಸಿಟ್ಟೂ ಬಂತು. ಅವನ ಎದೆಗೆ ಒಂದು ಗುದ್ದು ಕೊಟ್ಟಳು, ನೋವಾಗದ ಹಾಗೆ.

"ನಾನು ಬರದೇ ಇದ್ದಿದ್ರೆ?"

"ಸಾಯಂಕಾಲ ಫೋನ್ ಮಾಡಿ ಹೂಂ ಅಂತಿದ್ದೆ. ಹೋಗಿ ನಿಮ್ಮೂರಿನ ಮೇಲೆ ಜೋಕ್ ಹೇಳ್ಕೊಂಡು ಜೀವನ ಕಳೀತಿದ್ದೆ."

"ಈಗ?"

"ಈಗ ಊಹೂಂ ಅಂತೀನಿ. ಪ್ಲೊವ್ದಿವ್‌ನವನಿಗೆ ಏನು ಅವಸರ? ಮ್ಯಾನೇಜರ್ ಕುರ್ಚಿ ಇಲ್ಲೂ ಒಂದು ದಿನ ಖಾಲಿಯಾಗುತ್ತೆ. ನಮ್ಮಜ್ಜಿ ಒಬ್ಳಿಗೆ ಬೇಜಾರಾಗಬಹುದು. ಅವಳನ್ನ ನೋಡೋಕೆ ಶಿಪ್ಕಾ ಘಾಟಿ ದಾಟಿ ನನ್ನ ಕರ್ಕೊಂಡು ಹೋಗ್ತೀರಲ್ವಾ? ನಿಮ್ಮ ಕಾರಲ್ಲಿ?"

"ಪೆಟ್ರೋಲ್ ಯಾರದ್ದು?"

ಗೇಟಿನ ಹತ್ತಿರ ಗೆಂಚೊ ಅಣ್ಣ ಮತ್ತೆ ಕಿಸಕ್ಕನೆ ನಕ್ಕ. ಈ ಸಲ ನೆವೆನಾಳ ಕಿವಿ ಕೆಂಪಾಗಲಿಲ್ಲ. ಅವಳು ಕತ್ತೆತ್ತಿ ಯಾಸೆನ್‌ನನ್ನು ನೋಡಿದಳು. ಅವನ ಗದ್ದದ ಮೇಲೆ ಎಲ್ಲಿಯದೋ ನೀರಿನ ಹನಿ ಕೂತಿತ್ತು. ಕೈ ಎತ್ತಿ ಹೆಬ್ಬೆರಳಿನಿಂದ ಒರೆಸಿದಳು. ಅಂದು ಕಾರಿನಲ್ಲಿ ಗೇರಿನ ಮೇಲೆ ಹೋಗಿ ಕುಳಿತಿದ್ದ ಕೈ ಅದು.

"ಥ್ಯಾಂಕ್ಸ್, ಯಾಸೆನ್."

ಅವನಿಗೆ ಕ್ಷಣ ಹೊತ್ತು ಅರ್ಥವಾಗಲಿಲ್ಲ. "ಯಾವುದಕ್ಕೆ?"

"ಒಬ್ಬಳು ಹುಚ್ಚಿ ಹಾಗೆ ರಟ್ಟಿನ ಪೆಟ್ಟಿಗೆ ತಬ್ಕೊಂಡು ಬಂದಾಗ ನಗದೇ ಇದ್ದಿದ್ದಕ್ಕೆ. ಒಂದೊಂದು ಡಿಕ್ಕಿಲೂ ಇಟ್ಟು ನೋಡಿದ್ದಕ್ಕೆ. ನನ್ನ ಸೊಂಟದ ಬಗ್ಗೆ ಯೋಚನೆ ಮಾಡಿದ್ದಕ್ಕೆ."

"ಪುಕ್ಕಟೆ ಬರೋದನ್ನ ಯಾರಿಗೂ ಕೊಡಲ್ಲ ಅಂದಿದ್ರಿ."

"ಪುಕ್ಕಟೆ ಅಂದ್ಕೊಂಡಿದ್ದೆ. ನಿನ್ನೆಯಿಂದ ಇಲ್ಲಿವರೆಗೆ ಏನು ಅನುಭವಿಸಿದೆ ನನಗೇ ಗೊತ್ತು."

ಅವನು ತಲೆಯನ್ನು ಅಡ್ಡಡ್ಡ ಆಡಿಸಿದ, ಆ ಕಡೆ ಜನ ಒಪ್ಪಿಗೆಗೆ ಆಡಿಸುವ ಹಾಗೆ. ಬಿಂದಿಗೆ ನೆಲಕ್ಕಿಟ್ಟ.

"ಈಗ ಇದಕ್ಕೆ ನಾನೇನು ವಾಪಸ್ ಕೊಡ್ಲಿ, ಮೇಡಂ?"

"ಏನೂ ಬೇಡ," ಎಂದಳು ನೆವೆನಾ. "ಇಟ್ಕೋ."

ಯಾಸೆನ್ ಅವಳ ಕೈ ಹಿಡಿದುಕೊಂಡ. ಮೊದಲ ದಿನದ ಹಾಗೆಯೇ ಅಂಗೈ ತೆರೆದು ನೋಡಿದ. ಕಾರಿನ ಕೀಲಿಯ ಗುರುತು ಬಿಟ್ಟರೆ ಅದರಲ್ಲಿ ಏನೂ ಇರಲಿಲ್ಲ. ಈ ಸಲ ಅವನು ಆ ಕೈಯನ್ನು ವಾಪಸ್ ಕೊಡಲಿಲ್ಲ.